ವ್ಯಾನಿನಲ್ಲಿ ಮಲಗುವವರ ಚಳಿಗಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ಕಾಫಿ ಕುಯ್ಲು ಶುರುವಾಯಿತೆಂದರೆ ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ರಿಪೇರಿ ಮಾಡುವ ನಮ್ಮಂಥವರಿಗೆ ಹಗಲು ರಾತ್ರಿ ಎರಡೂ ಒಂದೇ. ಅರೇಬಿಕಾ ಕಾಫಿಯನ್ನು ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ, ಮಾಡಬೇಕಾದರೆ ಕುಯ್ದ ದಿನವೇ ಹಣ್ಣಿನ ಸಿಪ್ಪೆ ಬಿಡಿಸಬೇಕು. ಹಣ್ಣು ತೂಕವಾಗಿ ಯಂತ್ರಕ್ಕೆ ಬೀಳುವುದು ಸಂಜೆ. ಯಂತ್ರ ಕೆಟ್ಟು ನಿಲ್ಲುವುದೂ ಸಂಜೆಯೇ. ಅದೊಂದು ಮುಗಿಯಿತು ಎನ್ನುವಷ್ಟರಲ್ಲಿ ರೊಬಸ್ಟಾ ತೋಟಗಳಲ್ಲಿ ಹೂವಿಗೆ ನೀರು ಕೊಡುವ ಕಾಲ. ಸ್ಪ್ರಿಂಕ್ಲರ್ ಪಂಪು ರಾತ್ರಿಯಿಡೀ ಓಡುತ್ತಿರಬೇಕು.

ಕೆಲಸ ಮುಗಿಸಿ ಸ್ಪ್ಯಾನರ್ ಒರೆಸಿಡುವಾಗ ಹನ್ನೊಂದೋ ಹನ್ನೆರಡೋ ಆಗಿರುತ್ತದೆ. ಆ ಹೊತ್ತಿನಲ್ಲಿ ಆನೆ ಓಡಾಡುವ ತಿತಿಮತಿ ಕಡೆಗೋ ಆನೆಕಾಡಿನ ದಾರಿಯಲ್ಲೋ ಒಬ್ಬರೇ ಗಾಡಿ ಓಡಿಸುವುದು ಯಾಕೆ ಬೇಕು ಅಲ್ವಾ? ನಾಗರಹೊಳೆ ಕಾಡಿನ ಗೇಟಂತೂ ಸಂಜೆ ಆರಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಸರಿ, ವ್ಯಾನಿನಲ್ಲೇ ಮಲಗುವುದು. ಕಾಫಿ ತುಂಬಿಕೊಂಡು ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಿಸುವ ಕಾರ್ಖಾನೆ) ಮುಂದೆ ಸರದಿ ಕಾಯುವ ಪಿಕಪ್ ಚಾಲಕರದ್ದೂ ಇದೇ ಪಾಡು.

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ 13, 14 ಡಿಗ್ರಿ ಎಂದರೆ ಮಾಮೂಲು. ಕೆಲವು ದಿನ ಇನ್ನೂ ಕೆಳಗಿಳಿಯುತ್ತದೆ. ಮನೆಯಲ್ಲಿ ರಗ್ಗು ಹೊದ್ದು ಮಲಗಿದವರಿಗೆ ಇದೇನು ದೊಡ್ಡ ಚಳಿಯಲ್ಲ. ತಗಡಿನ ಪೆಟ್ಟಿಗೆಯಲ್ಲಿ, ಬೆವರಿಗೆ ಒದ್ದೆಯಾದ ಅಂಗಿಯಲ್ಲಿ ಮಲಗಿದವರಿಗೆ ಮೂರು ಗಂಟೆಯ ನಂತರ ಹಲ್ಲು ಕಟಕಟ.

ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ಈ ಚಳಿ ನಿದ್ದೆ ಕೆಡಿಸುತ್ತದೆ, ಅಷ್ಟೇ. ಚಳಿ ತಡೆಯಲಾರದೆ ವ್ಯಾನಿನೊಳಗೆ ಬೆಂಕಿ ತಂದಿಟ್ಟುಕೊಂಡರೆ ಮಾತ್ರ ಜೀವಕ್ಕೇ ಸಂಚಕಾರ.

ತೋಟಗಳಲ್ಲಿ ಕೆಂಡಕ್ಕೆ ಬರವಿಲ್ಲ. ಕಾರ್ಮಿಕರ ಲೈನ್ ಮನೆಯ ಮುಂದೆ ಎಲ್ಲರೂ ಕೂತು ಚಳಿ ಕಾಯಿಸುತ್ತಿರುತ್ತಾರೆ. ಹಳೆ ಬಾಣಲೆಯಲ್ಲಿ ಒಂದಿಷ್ಟು ಕೆಂಡ ತುಂಬಿ, ‘ಅಣ್ಣಾ, ಇದನ್ನು ಒಳಗಿಟ್ಟುಕೊಳ್ಳಿ’ ಎಂದು ಪ್ರೀತಿಯಿಂದಲೇ ಕೊಡುತ್ತಾರೆ. ಹೊಗೆ ಬರುವುದಿಲ್ಲವಲ್ಲ, ಏನಾಗುತ್ತದೆ ಎಂದು ನಾವೂ ಬಾಗಿಲು ಹಾಕಿಕೊಳ್ಳುತ್ತೇವೆ. ಹೊಗೆ ಇಲ್ಲದಿರುವುದರಿಂದಲೇ ಅದು ಮೋಸ ಮಾಡುವುದು. ಕೆಂಡದಿಂದ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೀರಿ, ಆದರೆ ಮೈಗೆ ಉಸಿರು ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಮಂಪರು. ಮಲಗಿದವರಿಗೆ ತಲೆನೋವು ಬಂದದ್ದೇ ತಿಳಿಯುವುದಿಲ್ಲ, ನಿದ್ದೆಯಲ್ಲೇ ಮುಗಿದುಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿಕೊಂಡು ಮಲಗಿ ಸತ್ತವರ ಸುದ್ದಿ ಪ್ರತಿ ಚಳಿಗಾಲ ಪತ್ರಿಕೆಗಳಲ್ಲಿ ಬರುತ್ತದೆ. ವ್ಯಾನು ಆ ಕೋಣೆಗಿಂತ ಎಷ್ಟೋ ಚಿಕ್ಕದು.

ಕಿಟಕಿ ಸ್ವಲ್ಪ ತೆಗೆದಿಟ್ಟರೆ ಸಾಕಲ್ಲ ಎಂದು ವಾದ ಮಾಡುವವರಿದ್ದಾರೆ. ಸಾಕಾಗುವುದಿಲ್ಲ. ಕೆಂಡ, ಗ್ಯಾಸ್ ಸ್ಟವ್, ಸೀಮೆಎಣ್ಣೆ ಸ್ಟವ್ ಯಾವುದೂ ಒಳಗೆ ಬೇಡ. ಎಂಜಿನ್ ಓಡಿಸಿಕೊಂಡು ಹೀಟರ್ ಹಾಕಿ ಮಲಗುವುದೂ ಬೇಡ. ಓಮ್ನಿಯಂಥ ಗಾಡಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಅದರ ಮುಚ್ಚಳದ ರಬ್ಬರ್ ಹಳತಾಗಿದ್ದರೆ, ಸೈಲೆನ್ಸರ್ ಎಲ್ಲಾದರೂ ತೂತಾಗಿದ್ದರೆ, ಹೊಗೆ ಬರುವುದು ನೇರ ಒಳಕ್ಕೆ. ಪೆಟ್ರೋಲ್ ಕ್ಯಾನು, ಗ್ರೀಸು, ಎಣ್ಣೆ ಬಟ್ಟೆ ತುಂಬಿದ ನಮ್ಮ ಗಾಡಿಗಳಲ್ಲಿ ಕಿಡಿಯ ಭಯ ಬೇರೆ. ಮಲಗುವ ಮೊದಲು ಪೆಟ್ರೋಲ್ ಕ್ಯಾನನ್ನು ಕೆಳಗಿಳಿಸಿ ದೂರ ಇಡಿ. ಒಳಗೆ ಯಾರಿಗಾದರೂ ಕಾರಣವಿಲ್ಲದೆ ತಲೆ ಸಿಡಿಯತೊಡಗಿದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಆಮೇಲೆ 108ಕ್ಕೆ ಫೋನ್ ಮಾಡಿ.

ಹಾಗಾದರೆ ಬೆಚ್ಚಗಿರುವುದು ಹೇಗೆ? ಮೈಯಲ್ಲೇ ಶಾಖ ಹುಟ್ಟುತ್ತಿರುತ್ತದೆ. ಅದು ಸೋರಿಹೋಗದಂತೆ ನೋಡಿಕೊಂಡರೆ ಸಾಕು. ಜಾಸ್ತಿ ಸೋರುವುದು ಕೆಳಗಿನಿಂದ. ಎಲ್ಲರೂ ಮೇಲೆ ಎರಡು ಕಂಬಳಿ ಹೊದೆಯುತ್ತಾರೆ, ಕೆಳಗೆ ಒಂದು ಬೆಡ್‌ಶೀಟ್ ಹಾಸುತ್ತಾರೆ. ಬೆನ್ನಿನ ಬಿಸಿಯೆಲ್ಲ ತಗಡಿಗೆ ಹೋಗುತ್ತದೆ. ಎರಡು ಕಂಬಳಿ ಇದ್ದರೆ ಒಂದನ್ನು ಕೆಳಗೆ ಹಾಸಿ. ಅದಕ್ಕೂ ಮೊದಲು ದಪ್ಪ ರಟ್ಟು, ಅದರ ಮೇಲೆ ಫೋಮ್ ಮ್ಯಾಟ್. ಮ್ಯಾಟ್ ಇಲ್ಲವೇ? ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ ಒಣಗಿದ ಗೋಣಿಚೀಲ ಪಡೆಯಿರಿ. ಒಂದೊಂದನ್ನೂ ಮಡಚಿ ನಾಲ್ಕೈದು ಪದರ ಹಾಕಿದರೆ ನಡುವೆ ಗಾಳಿ ನಿಲ್ಲುತ್ತದೆ. ಆ ನಿಂತ ಗಾಳಿಯೇ ಚಳಿ ತಡೆಯುವುದು. ಗೋಣಿಯ ವಾಸನೆ ಸ್ವಲ್ಪ ಸಹಿಸಿಕೊಳ್ಳಬೇಕು, ಅಷ್ಟೇ.

ಕೆಲಸದ ಬಟ್ಟೆಯಲ್ಲೇ ಮಲಗಬೇಡಿ. ಎಷ್ಟೇ ಸುಸ್ತಾಗಿದ್ದರೂ ಬನಿಯನ್ನು, ಕಾಲುಚೀಲ ಬದಲಾಯಿಸಿ. ಒದ್ದೆ ಹತ್ತಿ ಬಟ್ಟೆ ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ. ಉಣ್ಣೆಯ ಕಂಬಳಿ ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಮಂಕಿ ಕ್ಯಾಪ್ ಹಾಕಿಕೊಂಡರೆ ನಗುವವರಿದ್ದರೆ ನಗಲಿ. ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎನ್ನುವುದೇನೋ ಸುಳ್ಳು. ಆದರೆ ಉಳಿದ ಮೈಯೆಲ್ಲ ಹೊದ್ದುಕೊಂಡು ತಲೆಯೊಂದನ್ನೇ ಹೊರಗೆ ಬಿಡುವುದರಲ್ಲಿ ಅರ್ಥವಿಲ್ಲ.

ಬಿಸಿಯೇ ಬೇಕು ಎನ್ನುವವರು ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿಸಿಕೊಳ್ಳಿ. ಫ್ಲಾಸ್ಕ್ ಅಲ್ಲ, ಒಂದೇ ಪದರದ ಬಾಟಲಿ. ಮುಚ್ಚಳ ಭದ್ರ ಮಾಡಿ, ಕಾಲುಚೀಲದೊಳಗೆ ತೂರಿಸಿ ತೊಡೆಗಳ ನಡುವೆ ಇಟ್ಟುಕೊಂಡರೆ ತುಂಬಾ ಹೊತ್ತು ಹಿತ. ಅಂಗಡಿಯಲ್ಲಿ ನೀರು ತುಂಬಿ ಮಾರುವ ತೆಳು ಪ್ಲಾಸ್ಟಿಕ್ ಬಾಟಲಿಗೆ ಕುದಿನೀರು ಹಾಕಿದರೆ ಸೊಟ್ಟಗಾಗಿ ಹಾಸಿಗೆಯೆಲ್ಲ ನೀರು.

ಹನ್ನೆರಡು ವೋಲ್ಟಿನ ಬಿಸಿ ಕಂಬಳಿ ಬಗ್ಗೆ ನನ್ನನ್ನು ಕೇಳುವವರು ಜಾಸ್ತಿ. ಸುಮ್ನೆ ಲೆಕ್ಕ ಹಾಕಿ ನೋಡಿ. ಅದು 48 ವ್ಯಾಟ್ ಎಂದಿಟ್ಟುಕೊಂಡರೂ ಗಂಟೆಗೆ ನಾಲ್ಕು ಆಂಪಿಯರ್ ಅವರ್ ಎಳೆಯುತ್ತದೆ. ಸಣ್ಣ ವ್ಯಾನಿನ ಬ್ಯಾಟರಿ 35 ಆಂಪಿಯರ್ ಅವರ್ ಆಸುಪಾಸಿನದು. ಎಂಟು ಗಂಟೆಯಾದರೆ 32 ಖಾಲಿ. ಬೆಳಿಗ್ಗೆ ಗಾಡಿ ತಳ್ಳಲು ಜನ ಹುಡುಕಬೇಕು. ಮಲಗುವ ಮುಂಚೆ ಎಂಜಿನ್ ಓಡುತ್ತಿರುವಾಗ ಹತ್ತು ನಿಮಿಷ ಹಾಸಿಗೆ ಬಿಸಿ ಮಾಡಿಕೊಳ್ಳಲು ಬಳಸಿದರೆ ತೊಂದರೆಯಿಲ್ಲ.

ಇನ್ನು ಗಾಜಿನ ವಿಷಯ. ಕಿಟಕಿಯೆಲ್ಲ ಬಿಗಿಯಾಗಿ ಮುಚ್ಚಿದರೆ ಬೆಚ್ಚಗಿರುತ್ತದೆ ಅನ್ನಿಸುತ್ತದೆ. ಒಬ್ಬ ಮನುಷ್ಯ ರಾತ್ರಿಯಿಡೀ ಬಿಡುವ ಉಸಿರಿನಲ್ಲಿ ಒಂದು ಲೋಟದಷ್ಟು ನೀರು ಆವಿಯಾಗಿ ಹೊರಬರುತ್ತದೆ. ಇಬ್ಬರಿದ್ದರೆ ಎರಡು ಲೋಟ. ಅದೆಲ್ಲ ತಣ್ಣಗಿನ ತಗಡಿಗೆ, ಗಾಜಿಗೆ ತಾಗಿ ನೀರಾಗಿ ಕಂಬಳಿಯ ಮೇಲೆ ಹನಿಯುತ್ತದೆ. ಎರಡೂ ಪಕ್ಕದ ಗಾಜು ಒಂದು ಬೆರಳಿನಷ್ಟು ಇಳಿದಿರಲಿ. ಕಿಟಕಿಯ ಮೇಲೆ ವೈಸರ್ ಪಟ್ಟಿ ಇದ್ದರೆ ಇಬ್ಬನಿ ಒಳಗೆ ಬರುವುದಿಲ್ಲ. ಕಂಬಳಿಯೊಳಗೆ ಮುಖ ಹುದುಗಿಸಿ ಉಸಿರಾಡುವ ಅಭ್ಯಾಸವೂ ಬೇಡ.

ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದರಿಂದಲೂ ಚಳಿ ಹೆಚ್ಚು ಕಡಿಮೆಯಾಗುತ್ತದೆ. ರಾತ್ರಿ ತಣ್ಣಗಿನ ಗಾಳಿ ತಗ್ಗಿಗೆ ಇಳಿಯುತ್ತದೆ. ನಮ್ಮಲ್ಲಿ ತಗ್ಗೆಂದರೆ ಗದ್ದೆ, ತೋಡು (ಸಣ್ಣ ಹಳ್ಳ). ಅಲ್ಲಿ ಸಮತಟ್ಟು ಜಾಗ ಸಿಗುತ್ತದೆಂದು ನಿಲ್ಲಿಸುತ್ತಾರೆ, ಮಂಜಿನಲ್ಲಿ ಮುಳುಗುತ್ತಾರೆ. ನಮ್ಮ ಐನ್‌ಮನೆಗಳು, ಅಂದರೆ ಕೊಡವ ಕುಟುಂಬಗಳ ಹಿರಿಯರ ಮನೆಗಳು, ಗದ್ದೆಗಿಂತ ಮೇಲೆ ಏರಿನಲ್ಲಿರುವುದನ್ನು ನೋಡಿದ್ದೀರಲ್ಲ. ನೀವೂ ಸ್ವಲ್ಪ ಏರಿನಲ್ಲಿ, ಗಾಳಿಗೆ ಮರೆಯಾಗಿ ನಿಲ್ಲಿಸಿ. ಕಾಫಿ ಒಣಗಿಸುವ ಕಣದ ಪಕ್ಕ, ಗೋದಾಮಿನ ಗೋಡೆಗೆ ಒತ್ತಿ ನಿಂತರೆ ಹಗಲಿನ ಬಿಸಿಲು ಕುಡಿದ ಸಿಮೆಂಟು ರಾತ್ರಿ ಸ್ವಲ್ಪ ಹೊತ್ತು ಸಹಾಯಕ್ಕೆ ಬರುತ್ತದೆ. ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿ ಚಳಿ ಜಾಸ್ತಿ, ಮೋಡವಿದ್ದರೆ ಕಡಿಮೆ. ಮರದ ಕೆಳಗೆ ಇಬ್ಬನಿ ಕಡಿಮೆ ಬೀಳುತ್ತದೆ, ಆದರೆ ಒಣ ಕೊಂಬೆ ನೋಡಿಕೊಳ್ಳಿ.

ರಾತ್ರಿ ಹೊಟ್ಟೆ ತುಂಬಾ ಬಿಸಿ ಊಟ ಮಾಡಿ. ಪಂದಿಕರಿ, ಕಡಂಬುಟ್ಟು ಸಿಕ್ಕರೆ ನಿಮ್ಮ ಅದೃಷ್ಟ. ಒಂದು ಪೆಗ್ ಹಾಕಿದರೆ ಚಳಿ ಹೋಗುತ್ತದೆ ಎಂದು ಕೊಡಗಿನಲ್ಲಿ ನಿಂತು ಅಲ್ಲಗಳೆಯುವುದು ಕಷ್ಟವೇ. ಆದರೂ ಹೇಳುತ್ತೇನೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಮೈ ಬೆಚ್ಚಗಾದಂತೆ ಅನ್ನಿಸುತ್ತದೆ. ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಬೆಳಗಿನ ಜಾವ ನಡುಗುವವರಲ್ಲಿ ಕುಡಿದು ಮಲಗಿದವರೇ ಮೊದಲು.

ತೋಟದ ಮಾಲೀಕರೂ ಈ ಮಾತು ಕೇಳುತ್ತಿರಬಹುದು. ನಿಮ್ಮ ಯಂತ್ರ ರಿಪೇರಿಗೆ ಬಂದವರು ರಾತ್ರಿ ಉಳಿಯುವುದಾದರೆ ಗಾಡಿಯನ್ನು ಗೋದಾಮಿನ ಚಾವಡಿಯೊಳಗೆ ನಿಲ್ಲಿಸಲು ಬಿಡಿ. ಆ ವಾರ ಆನೆ ಯಾವ ಕಡೆಯಿಂದ ಇಳಿಯುತ್ತಿದೆ ಎಂದು ಮೊದಲೇ ಹೇಳಿ, ರಾತ್ರಿ ಮೂತ್ರಕ್ಕೆ ಏಳುವವರಿಗೆ ಅದು ಗೊತ್ತಿರಬೇಕು. ಕೆಂಡ ಕೊಡುವ ಬದಲು ಒಂದು ಚೊಂಬು ಬಿಸಿನೀರು, ನಾಲ್ಕು ಗೋಣಿಚೀಲ ಕೊಡಿ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಕಣದ ಮೂಲೆಯಲ್ಲಿ ಕಂಬಳಿ ಒಣಗಿಸಿಕೊಳ್ಳಲು ಸ್ವಲ್ಪ ಜಾಗವೂ ಇರಲಿ.

ನಮಸ್ಕಾರ.