‘ನೀವು’ ಹೋಗಿ ‘ನೀನು’ ಬರುವ ಗಳಿಗೆ

ಎಲ್ಲರಿಗೂ ನಮಸ್ಕಾರ. ಇವತ್ತು ಜಪಾನಿನ ಪ್ರೇಮಕಥೆಯ ಮಾಂಗಾಗಳ ಬಗ್ಗೆ ಮಾತಾಡೋಣ. ಮಾಂಗಾ ಅಂದರೆ ಅಲ್ಲಿನ ಕಾಮಿಕ್ಸ್, ಬಲಗಡೆಯಿಂದ ಎಡಗಡೆಗೆ ಓದಬೇಕು. ನಾನು ವರ್ಷಗಳಿಂದ ಇವನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಾ ಬಂದಿದ್ದೇನೆ.

ಎಲ್ಲಾ ಕಥೇನೂ ಒಂದೇ ತರಹ ಅಂತ ತುಂಬಾ ಜನ ಹೇಳುತ್ತಾರೆ. ನಿಜ. ಬೇಸಿಗೆ ಜಾತ್ರೆ ಇರುತ್ತದೆ, ಹುಡುಗಿ ಯುಕಾತಾ ಉಟ್ಟು ಬರುತ್ತಾಳೆ, ಆಕಾಶದಲ್ಲಿ ಬಾಣಬಿರುಸು ಸಿಡಿಯುವ ಹೊತ್ತಿಗೆ ಅವನು ಹೇಳಿದ ಮಾತು ಅವಳಿಗೆ ಕೇಳಿಸುವುದೇ ಇಲ್ಲ. ಮಳೆ ಬಂದರೆ ಇಬ್ಬರಿಗೂ ಒಂದೇ ಛತ್ರಿ. ಫೆಬ್ರವರಿ 14ಕ್ಕೆ ಹುಡುಗಿ ಚಾಕೊಲೇಟ್ ಕೊಡಬೇಕು, ಮಾರ್ಚ್ 14ಕ್ಕೆ ಹುಡುಗ ತಿರುಗಿ ಏನಾದರೂ ಕೊಡಬೇಕು. ಇದೆಲ್ಲ ನನಗೆ ಬೇಜಾರಾಗುವುದಿಲ್ಲ. ಮದುವೆ ಮನೆಯಲ್ಲಿ ತಾಳಿ ಕಟ್ಟುತ್ತಾರೆ ಅಂತ ಎಲ್ಲರಿಗೂ ಗೊತ್ತು, ಆದರೂ ‘ಗಟ್ಟಿಮೇಳ’ ಅಂದ ತಕ್ಷಣ ಎಲ್ಲರೂ ಕತ್ತು ಉದ್ದ ಮಾಡಿ ನೋಡುವುದಿಲ್ವಾ? ಹಾಗೇ ಇದು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಂಡು ಅಳುತ್ತಾ ಓಡಿಹೋಗುವ ಹುಡುಗಿ. ಅಕ್ಕನ ಜೊತೆ ನಡೆದು ಹೋಗುತ್ತಿದ್ದವನನ್ನು ದೂರದಿಂದ ನೋಡಿ ‘ಅವನಿಗೆ ಬೇರೆ ಹುಡುಗಿ ಇದ್ದಾಳೆ’ ಅಂದುಕೊಂಡು ಮೂರು ಸಂಪುಟ ಮಾತು ಬಿಡುವುದು. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಇದಕ್ಕೆ ಕಾರಣವೂ ಇದೆ. ಈ ಕಥೆಗಳು ಮೊದಲು ಪತ್ರಿಕೆಗಳಲ್ಲಿ ಕಂತು ಕಂತಾಗಿ ಬರುತ್ತವೆ. ಓದುಗರು ಯಾವ ಕಥೆ ಇಷ್ಟ ಅಂತ ಕಾರ್ಡಿನಲ್ಲಿ ಬರೆದು ಕಳಿಸುವ ಪದ್ಧತಿ ಇದೆ. ಮುಂದಿನ ತಿಂಗಳವರೆಗೂ ಓದುಗರನ್ನು ಹಿಡಿದಿಡಬೇಕಲ್ಲ, ಅದಕ್ಕೇ ಕೊನೆಯ ಪುಟದಲ್ಲಿ ಯಾರೋ ಒಬ್ಬರು ಯಾರನ್ನೋ ತಪ್ಪು ತಿಳಿದುಕೊಳ್ಳುತ್ತಾರೆ. ಅರ್ಥ ಆಗುತ್ತದೆ, ಆದರೆ ಸಂಪುಟ ಹಿಡಿದು ಒಟ್ಟಿಗೆ ಓದುವಾಗ ತಾಳ್ಮೆ ಕೆಡುತ್ತದೆ.

ಹಾಗಂತ ತಪ್ಪು ತಿಳಿಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕರುಹೊ ಶೀನಾ ಬರೆದ ‘ಕಿಮಿ ನಿ ತೊದೊಕೆ’ ನೋಡಿ. 2017ರಲ್ಲಿ ಮುಗಿದ ಕಥೆ, ಒಟ್ಟು 30 ಸಂಪುಟ. ಅದರಲ್ಲಿ ಸವಾಕೊ ಕುರೊನುಮಾ ಅಂತ ಒಬ್ಬಳು ಹುಡುಗಿ. ಉದ್ದ ಕಪ್ಪು ಕೂದಲು, ನಗಲು ಹೋದರೆ ನೋಡುವವರಿಗೆ ಹೆದರಿಕೆ. ಶಾಲೆಯಲ್ಲಿ ಎಲ್ಲರೂ ಅವಳನ್ನು ಸದಾಕೊ ಅನ್ನುತ್ತಾರೆ, ಅದು ಸಿನಿಮಾದ ದೆವ್ವದ ಹೆಸರು. ಅಂಥವಳ ಹತ್ತಿರ, ಇಡೀ ತರಗತಿಗೆ ಬೇಕಾದ ಹುಡುಗ ಕಾಜೆಹಾಯಾ ಬಂದು ಸುಮ್ನೆ ಸಹಜವಾಗಿ ಮಾತಾಡುತ್ತಾನೆ. ‘ಅವನು ಎಲ್ಲರ ಜೊತೆಗೂ ಹೀಗೇ, ಒಳ್ಳೆಯವನು’ ಅಂತ ಅವಳು ಅಂದುಕೊಳ್ಳುತ್ತಾಳೆ. ಇಲ್ಲಿ ನನಗೆ ಸಿಟ್ಟೇ ಬರಲಿಲ್ಲ. ಯಾರೂ ಹತ್ತಿರ ಸೇರಿಸದೆ ಬೆಳೆದ ಹುಡುಗಿಗೆ ತನ್ನನ್ನು ಒಬ್ಬ ಇಷ್ಟಪಡಬಹುದು ಅನ್ನುವುದು ಹೊಳೆಯುವುದಾದರೂ ಹೇಗೆ? ಅವಳ ತಪ್ಪು ಲೆಕ್ಕ ಹುಟ್ಟಿದ್ದು ಅವಳ ಬದುಕಿನಿಂದ, ಬಾಗಿಲ ಸಂದಿಯಿಂದಲ್ಲ. ಅವಳಿಗೆ ಮೊದಲು ಗೆಳತಿಯರು ಸಿಗುತ್ತಾರೆ, ಪ್ರೀತಿ ಆಮೇಲೆ. ಆ ಗೆಳತಿಯರು ಸಿಗುವ ಪುಟಗಳಲ್ಲೇ ನಾನು ಜಾಸ್ತಿ ಅತ್ತಿದ್ದು.

ಇನ್ನೊಂದು ದಾರಿಯೂ ಇದೆ. ‘ಓರೆ ಮೊನೊಗತಾರಿ’ ಅನ್ನುವ ಮಾಂಗಾದಲ್ಲಿ ಗೊಂದಲವೆಲ್ಲ ಮೊದಲ ಸಂಪುಟದಲ್ಲೇ ಮುಗಿದು ನಾಯಕ ತಾಕೆಯೊ, ನಾಯಕಿ ಯಮಾತೊ ಜೋಡಿಯಾಗುತ್ತಾರೆ. ಉಳಿದ 12 ಸಂಪುಟ, ಜೋಡಿಯಾದ ಮೇಲಿನ ಬದುಕು. ಇಂಥವು ಇನ್ನೂ ಬರಬೇಕು.

ಒಂದು ರೂಢಿಯನ್ನು ಮಾತ್ರ ನನಗೆ ಒಪ್ಪಲಾಗುವುದಿಲ್ಲ. ಹುಡುಗಿಯನ್ನು ಗೋಡೆಗೆ ಒತ್ತರಿಸಿ, ಅವಳ ತಲೆಯ ಪಕ್ಕ ಗೋಡೆಗೆ ಕೈ ಬಡಿದು ನಿಲ್ಲುವುದು. ಅದಕ್ಕೆ ಜಪಾನಿನಲ್ಲಿ ‘ಕಾಬೆ ದೋನ್’ ಅನ್ನುತ್ತಾರೆ. ಕಾಬೆ ಅಂದರೆ ಗೋಡೆ, ದೋನ್ ಅಂದರೆ ಧಡ್ ಅನ್ನುವ ಸದ್ದು. 2014ರಲ್ಲಿ ಅಲ್ಲಿ ಆ ವರ್ಷದ ಹೆಸರುವಾಸಿ ಮಾತುಗಳ ಪಟ್ಟಿಯಲ್ಲೂ ಇದು ಸೇರಿತ್ತು. ಚಿತ್ರದಲ್ಲಿ ಚೆಂದ ಕಾಣಿಸಬಹುದು, ಹಿಂದೆ ಹೂವೆಲ್ಲ ಬರೆದಿರುತ್ತಾರೆ. ಆದರೆ ಆ ಹುಡುಗಿ ಪಕ್ಕಕ್ಕೆ ಸರಿಯಲು ಜಾಗವಿಲ್ಲ, ನನ್ನ ಕಣ್ಣು ಹೋಗುವುದು ಅಲ್ಲಿಗೇ. ದರ್ಪವನ್ನು ಪ್ರೀತಿ ಅಂತ ಹದಿಮೂರು ವರ್ಷದ ಮಕ್ಕಳಿಗೆ ತೋರಿಸಬಾರದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ಸಂಗತಿ, ಹೆಸರು ಹಿಡಿದು ಕರೆಯುವುದು. ಜಪಾನಿನಲ್ಲಿ ಸಹಪಾಠಿಗಳನ್ನೂ ಸಾಮಾನ್ಯವಾಗಿ ಮನೆತನದ ಹೆಸರಿನಿಂದಲೇ ಕರೆಯುತ್ತಾರೆ. ‘ಕಿಮಿ ನಿ ತೊದೊಕೆ’ಯ ಕಾಜೆಹಾಯಾ ಜೋಡಿಯಾದ ಮೇಲೂ ಬಹಳ ಕಾಲ ಸವಾಕೊಳನ್ನು ಮನೆತನದ ಹೆಸರು ಹಿಡಿದು ಕುರೊನುಮಾ ಅಂತಲೇ ಕರೆಯುತ್ತಾನೆ. ಸವಾಕೊ ಅನ್ನಲು ನಾಲಿಗೆ ಏಳುವುದಿಲ್ಲ. ಇಂಗ್ಲಿಷಿನಲ್ಲಿ ಓದುವಾಗ ಇದರ ಭಾರ ಅಷ್ಟಾಗಿ ತಟ್ಟುವುದಿಲ್ಲ, ಆದರೆ ಕನ್ನಡದವರಿಗೆ ಇದು ಕೂಡಲೇ ತಿಳಿಯುತ್ತದೆ. ‘ಬನ್ನಿ, ಕೂತ್ಕೊಳ್ಳಿ’ ಅನ್ನುತ್ತಿದ್ದವರು ಒಂದು ದಿನ ಯೋಚಿಸದೆ ‘ಬಾ’ ಅಂದುಬಿಟ್ಟರೆ ಇಬ್ಬರೂ ಒಂದು ಕ್ಷಣ ಸುಮ್ಮನಾಗುತ್ತಾರೆ, ಅಲ್ವಾ? ಅಂಥ ಪುಟ ಬಂದಾಗ ನಾನು ಇಂಗ್ಲಿಷನ್ನು ಬದಿಗಿಟ್ಟು, ಆ ಮಾತನ್ನು ಕನ್ನಡದಲ್ಲೇ ಮೆಲ್ಲಗೆ ಹೇಳಿ ನೋಡುತ್ತೇನೆ.