ಸಂಘದ ಪತ್ರ ಎಲ್ಲರಿಗೂ ಸರಿ, ಉತ್ತರ ಯಾರಿಗೆ?

ಎಲ್ಲರಿಗೂ ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸಂಘಗಳ ಕಾರ್ಯದರ್ಶಿಗಳೇ ಇಲ್ಲಿ ಜಾಸ್ತಿ ಇದ್ದೀರಿ. ವಾಟ್ಸಾಪ್ ಇರುವಾಗ ಇಮೇಲ್ ಯಾಕೆ ಅಂತ ನಿಮಗೆ ಅನ್ನಿಸಿರಬಹುದು. ಸರ್ವಸದಸ್ಯರ ಸಭೆಯ ನೋಟಿಸ್ ಗುಡ್ ಮಾರ್ನಿಂಗ್ ಫೋಟೋಗಳ ಅಡಿಯಲ್ಲಿ ಹೂತುಹೋಗುತ್ತದೆ, ಅಲ್ವಾ? ಎರಡು ವರ್ಷದ ಹಿಂದಿನ ಆಡಿಟ್ ವರದಿ ಬೇಕೆಂದರೆ ಇಮೇಲ್‌ನಲ್ಲಿ ಹುಡುಕುವುದು ಸುಲಭ. ಅದಕ್ಕೇ ಇವತ್ತು ಮೇಲಿಂಗ್ ಲಿಸ್ಟ್ ಬಗ್ಗೆ ಹೇಳುತ್ತೇನೆ. ಒಂದೇ ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ತಲುಪುವ ಇಮೇಲ್ ಪಟ್ಟಿ ಅದು.

ವೆಬ್‌ಸೈಟ್‌ಗೆ ಅಂತ ಹೋಸ್ಟಿಂಗ್, ಅಂದರೆ ಸರ್ವರ್‌ನಲ್ಲಿ ಬಾಡಿಗೆ ಜಾಗ, ತೆಗೆದುಕೊಂಡ ಹಲವು ಸಂಘಗಳಿಗೆ ಈ ಸೌಲಭ್ಯ ಈಗಾಗಲೇ ಇದೆ. ಹೋಸ್ಟಿಂಗ್ ನಿರ್ವಹಿಸುವ ಪುಟವಾದ ಸಿಪ್ಯಾನೆಲ್‌ನ ಇಮೇಲ್ ವಿಭಾಗದಲ್ಲಿ 'ಮೇಲಿಂಗ್ ಲಿಸ್ಟ್ಸ್' ಇದೆಯೇ ನೋಡಿ. ಪಟ್ಟಿಗೊಂದು ಹೆಸರು, ಪಾಸ್‌ವರ್ಡ್ ಕೊಟ್ಟು, ಪ್ರೈವೇಟ್ ಅಂತ ಆರಿಸಿದರೆ ಆಯಿತು. ಒಳಗೆ ಕೆಲಸ ಮಾಡುವುದು ಮೇಲ್‌ಮ್ಯಾನ್ ಎಂಬ ತಂತ್ರಾಂಶ. ಸದಸ್ಯರ ವಿಳಾಸಗಳನ್ನು ಸಾಲಿಗೊಂದರಂತೆ ಒಟ್ಟಿಗೇ ಹಾಕಬಹುದು.

ತಲೆನೋವು ಶುರುವಾಗುವುದು ಆಮೇಲೆ. ಮಳೆಗಾಲ ಹತ್ತಿರ ಬಂತು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಬಂದಿದೆ ಅಂತ ಅಡಿಕೆ ಬೆಳೆಗಾರರ ಸಂಘ 400 ಜನರಿಗೆ ಪತ್ರ ಹಾಕಿತು ಅನ್ನಿ. ಒಬ್ಬ ಹಿರಿಯರು ರಿಪ್ಲೈ ಒತ್ತಿ, 'ನನ್ನ ಹಳೇ ಬಾಕಿ ಎಷ್ಟಿದೆ, ನೋಡಿ ಹೇಳಿ' ಅಂತ ಬರೆದರು. ಅದು ಅಷ್ಟೂ ಜನರಿಗೆ ಹೋಯಿತು! 'ಎಲ್ಲರಿಗೂ ಯಾಕೆ ಕಳಿಸ್ತೀರಿ ಮಾರಾಯ್ರೆ' ಅಂತ ಇನ್ನೊಬ್ಬರು ಬೈದರು. ಅದೂ ಎಲ್ಲರಿಗೂ ಹೋಯಿತು. ಸಂಜೆಯೊಳಗೆ ಅರ್ಧ ಜನ ಪಟ್ಟಿಯಿಂದ ಹೆಸರು ತೆಗೀರಿ ಅಂತಾರೆ.

ಮೇಲ್‌ಮ್ಯಾನ್ ತಾನಾಗಿ ಇಟ್ಟಿರುವ ವ್ಯವಸ್ಥೆಯಲ್ಲಿ ಉತ್ತರವು ಮೂಲ ಪತ್ರ ಬರೆದವರಿಗೆ ಮಾತ್ರ ಹೋಗುತ್ತದೆ. ಚರ್ಚೆ ನಡೆಯಲಿ ಅಂತ ನಾವೇ ಅದನ್ನು ಬದಲಿಸುತ್ತೇವೆ. ನೋಟಿಸಿನ ಪಟ್ಟಿಯಲ್ಲಿ ಅದನ್ನು ಮುಟ್ಟಬೇಡಿ. ಸದಸ್ಯರು ಪಟ್ಟಿಗೆ ಬರೆದ ಪತ್ರ ನೀವು ಒಪ್ಪಿದ ಮೇಲೆಯೇ ಮುಂದೆ ಹೋಗುವಂತೆ ಮಾಡರೇಶನ್ ಹಾಕಿ. ಚರ್ಚೆ ಬೇಕಿದ್ದರೆ ನಿರ್ದೇಶಕರಿಗೆ ಬೇರೆ ಚಿಕ್ಕ ಪಟ್ಟಿ ಮಾಡಿ.

ಇನ್ನೊಂದು ತೊಡಕಿದೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮ, ಅಂದರೆ ನಕಲಿ ಪತ್ರ ತಡೆಯುವ ನಿಯಮ, ಬಿಗಿ ಮಾಡಿತು. ಯಾಹೂ ವಿಳಾಸದ ಪತ್ರ ಯಾಹೂವಿನಿಂದಲೇ ಬಂದದ್ದೆಂದು ಖಾತ್ರಿಯಾಗದಿದ್ದರೆ ತಿರಸ್ಕರಿಸಿ ಅಂತ ಬೇರೆ ಮೇಲ್ ಸೇವೆಗಳಿಗೆ ಹೇಳಿತು. ಪಟ್ಟಿಯ ಪತ್ರ ಹೊರಡುವುದು ಸಂಘದ ಸರ್ವರ್‌ನಿಂದ, ಕೆಳಗೆ ಒಂದು ಸಾಲು ಬೇರೆ ಸೇರಿರುತ್ತದೆ. ಖಾತ್ರಿ ಎಲ್ಲಿಂದ ಬರಬೇಕು? ಯಾಹೂ ಸದಸ್ಯರು ಬರೆದದ್ದು ಜಿಮೇಲ್‌ನವರಿಗೆ ಮುಟ್ಟದೆ ವಾಪಸ್ ಬಂತು. ಈಗ ಕಳಿಸಿದವರ ಜಾಗದಲ್ಲಿ ಪಟ್ಟಿಯ ವಿಳಾಸ ಹಾಕುವ ಆಯ್ಕೆ ಇದೆ, ಅದನ್ನು ಬಳಸಿ. ಸಂಘದ ಡೊಮೈನ್‌ಗೆ, ಅಂದರೆ ವೆಬ್‌ಸೈಟ್ ಹೆಸರಿಗೆ, ಎಸ್‌ಪಿಎಫ್ (ಆ ಹೆಸರಲ್ಲಿ ಯಾವ ಸರ್ವರ್ ಪತ್ರ ಕಳಿಸಬಹುದು ಎಂಬ ದಾಖಲೆ), ಡಿಕಿಮ್ (ಪತ್ರಕ್ಕೆ ಹಾಕುವ ಡಿಜಿಟಲ್ ಸಹಿ) ಎರಡನ್ನೂ ಹೋಸ್ಟಿಂಗ್‌ನವರ ಹತ್ತಿರ ಮಾಡಿಸಿಕೊಳ್ಳಿ. 2024ರ ಫೆಬ್ರುವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಂದಲೂ ಎರಡರಲ್ಲಿ ಒಂದನ್ನಾದರೂ ಕೇಳುತ್ತದೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000 ಪತ್ರ ದಾಟುವವರಿಗೆ ನಿಯಮ ಇನ್ನೂ ಜಾಸ್ತಿ. ನಾವು ಅಷ್ಟು ದೂರ ಹೋಗುವುದಿಲ್ಲ ಬಿಡಿ.

ಆದರೆ ಹೋಸ್ಟಿಂಗ್‌ನವರದ್ದೇ ಗಂಟೆಗಿಷ್ಟು ಅಂತ ಮಿತಿ ಇರುತ್ತದೆ. ಒಂದು ನೋಟಿಸ್ ಅಂದರೆ ಅವರ ಲೆಕ್ಕದಲ್ಲಿ 400 ಪತ್ರ. ಮೊದಲೇ ಕೇಳಿಕೊಳ್ಳಿ. 5 ಎಂಬಿಯ ವರದಿ ಲಗತ್ತಿಸಿದರೆ 2,000 ಎಂಬಿ ಹೊರಟಿತು! ವರದಿಯನ್ನು ವೆಬ್‌ಸೈಟ್‌ನಲ್ಲಿಟ್ಟು ಲಿಂಕ್ ಕಳಿಸಿದರೆ ಸಾಕು.

ಒಪ್ಪಿಗೆ ಕೊಡದವರ ವಿಳಾಸ ಸುಮ್ನೆ ಸೇರಿಸಬೇಡಿ. ಬಿಟ್ಟುಹೋಗುವ ದಾರಿ ಪ್ರತಿ ಪತ್ರದಲ್ಲೂ ಇರಲಿ. ಅದು ಸಿಗದಿದ್ದರೆ ಜನ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಆಗ ಉಳಿದವರಿಗೆ ಹೋಗುವ ಪತ್ರವೂ ಸ್ಪ್ಯಾಮ್ ಫೋಲ್ಡರ್‌ಗೆ ಬೀಳಬಹುದು.

ಕೊನೆಗೆ, ಡೊಮೈನ್ ಯಾರ ಹೆಸರಿನಲ್ಲಿದೆ ನೋಡಿ. ಬೆಂಗಳೂರಿನಲ್ಲಿರುವ ಯಾರದೋ ಮಗ ಮಾಡಿಕೊಟ್ಟಿರುತ್ತಾನೆ, ನವೀಕರಣದ ನೋಟಿಸ್ ಅವನ ಹಳೇ ಮೇಲ್‌ಗೆ ಹೋಗುತ್ತಿರುತ್ತದೆ. ಡೊಮೈನ್ ಸಂಘದ ಹೆಸರಿಗೆ ಮಾಡಿಸಿ. ಪಟ್ಟಿಗೆ ಇಬ್ಬರು ನಿರ್ವಾಹಕರಿರಲಿ. ನವೀಕರಣದ ತಾರೀಕನ್ನು ನಡಾವಳಿ ಪುಸ್ತಕದಲ್ಲೇ ಬರೆದಿಡಿ.