ಮೊದಲು ಬ್ರೇಕ್, ಕೊನೆಗೆ ಫ್ರೇಮ್

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಆಗಲೇ ಟ್ರಯಲ್ಸ್ ಬೈಕ್, ಅಂದರೆ ಕಲ್ಲು, ಕಟ್ಟೆಗಳನ್ನು ಕಾಲೂರದೆ ದಾಟುವ ಆಟದ ಸೈಕಲ್, ಹತ್ತಿದವರು. ಉಳಿದವರು ಹತ್ತಲೇಬೇಕು ಅಂತ ತೀರ್ಮಾನ ಮಾಡಿ ಬಂದವರು. ಹಾಗಾಗಿ ಆಟ ಏನು ಅಂತ ನಾನು ಹೇಳುವುದಿಲ್ಲ. ಕಾಲು ನೆಲಕ್ಕೆ ತಾಗಿದರೆ ದಂಡ, ಐದು ದಂಡ ಬಿದ್ದರೆ ಆ ಸೆಕ್ಷನ್, ಅಂದರೆ ಅಡೆತಡೆಗಳ ಆ ತುಂಡು ಹಾದಿ, ಮುಗಿಯಿತು, ಅದಕ್ಕೆ ಎರಡು ನಿಮಿಷದ ಗಡಿ. ಇದೆಲ್ಲ ನಿಮಗೆ ಗೊತ್ತು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಈಗ ಒಳಗೆ ಬರುವ ಮುಂಚೆ ಸುಮಾರು ಜನ ನನ್ನನ್ನು ಮಾತಾಡಿಸಿದಿರಿ. ತುಂಬಾ ಖುಷಿಯಾಯಿತು. ಆದರೆ ಎಲ್ಲರದೂ ಒಂದೇ ಪ್ರಶ್ನೆ: ಯಾವ ಫ್ರೇಮ್ ತಗೊಳ್ಳಲಿ? ಎಷ್ಟು ಹಗುರ ಇರಬೇಕು? ಬ್ರೇಕ್ ಬಗ್ಗೆ ಒಬ್ಬರೂ ಕೇಳಲಿಲ್ಲ. ಅದಕ್ಕೇ ಇವತ್ತು ನಾನು ಬರೆದುಕೊಂಡು ಬಂದ ಕ್ರಮವನ್ನು ಸ್ವಲ್ಪ ಬದಲಾಯಿಸುತ್ತಿದ್ದೇನೆ.

ಕೈಯಲ್ಲಿ ಎಷ್ಟೇ ದುಡ್ಡಿರಲಿ, ಅದು ಮೊದಲು ಹಿಂದಿನ ಬ್ರೇಕಿಗೆ ಹೋಗಬೇಕು. ಆಮೇಲೆ ಫ್ರೀವೀಲ್, ಅಂದರೆ ಪೆಡಲ್ ಮುಂದಕ್ಕೆ ತುಳಿದಾಗ ಮಾತ್ರ ಕಚ್ಚುವ ಭಾಗ. ಆಮೇಲೆ ಚೈನ್, ಟೈರು. ಫ್ರೇಮ್ ಕೊನೆಗೆ.

ಯಾಕೆ ಅಂತ ನೋಡಿ. ಬೇರೆ ಸೈಕಲ್ಲಿನಲ್ಲಿ ಬ್ರೇಕ್ ಇರುವುದು ವೇಗ ಕಡಿಮೆ ಮಾಡುವುದಕ್ಕೆ. ನಮ್ಮಲ್ಲಿ ಬ್ರೇಕ್ ಇರುವುದು ಚಕ್ರವನ್ನು ಅಲುಗಾಡದ ಹಾಗೆ ಹಿಡಿಯುವುದಕ್ಕೆ. ಹಿಂದಿನ ಚಕ್ರದ ಮೇಲೆ ನಿಂತು ಕುಪ್ಪಳಿಸುವಾಗ ನಿಮ್ಮ ಇಡೀ ಭಾರ ಚಕ್ರವನ್ನು ಒತ್ತಿ ಹಿಡಿಯುವ ಎರಡು ಬ್ರೇಕ್ ಪ್ಯಾಡ್‌ಗಳ ಮೇಲೆ ನಿಂತಿರುತ್ತದೆ. ಪೆಡಲ್ ಒದೆಯುವ ಕ್ಷಣಕ್ಕೆ ಬಿಡುತ್ತೀರಿ, ಇಳಿಯುವಾಗ ಮತ್ತೆ ಹಿಡಿಯುತ್ತೀರಿ. ಅಲ್ಲಿ ಚಕ್ರ ಒಂದು ಬೆರಳಷ್ಟು ಜಾರಿದರೂ ಸಮತೋಲ ಹೋಯಿತು. ಬೀಳುವುದು ಬಿಡಿ, ಎದ್ದು ಮತ್ತೆ ಮಾಡಬಹುದು. ಒಮ್ಮೆ ಜಾರಿದ ಬ್ರೇಕನ್ನು ಮೈ ಮತ್ತೆ ನಂಬುವುದಿಲ್ಲ. ತೊಂದರೆ ಅದು.

ನಮ್ಮ ಜೊತೆ ಅಭ್ಯಾಸಕ್ಕೆ ಬರುತ್ತಿದ್ದ ಒಬ್ಬ ಹುಡುಗನ ಕತೆ ಹೇಳಲೇಬೇಕು. ಒಳ್ಳೆಯ ಕಾಲಿನ ಬಲ, ಒಳ್ಳೆಯ ಧೈರ್ಯ. ಆದರೆ ಸೈಡ್ ಹಾಪ್ ಮಾತ್ರ ಬರುತ್ತಲೇ ಇರಲಿಲ್ಲ. ಪಕ್ಕಕ್ಕೆ ನೆಗೆದು ಕಟ್ಟೆಯ ಮೇಲೆ ಇಳಿದ ತಕ್ಷಣ ಮುಂದಕ್ಕೆ ಮುಗ್ಗರಿಸುತ್ತಿದ್ದ. ನೋಡಿದವರೆಲ್ಲ ಸಲಹೆ ಕೊಟ್ಟರು. ಒಬ್ಬರು ಮೊಣಕಾಲು ಮಡಚು ಅಂದರು, ಇನ್ನೊಬ್ಬರು ಕೈ ನೇರ ಮಾಡು ಅಂದರು, ಮತ್ತೊಬ್ಬರು ಕೆಳಗೆ ನೋಡಬೇಡ ಅಂದರು. ಅವನು ಪಾಪ ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಿ ಇನ್ನೂ ಕೆಡಿಸಿಕೊಂಡ. ಒಂದು ಸಂಜೆ ಅವನು ನೀರು ಕುಡಿಯಲು ಹೋದಾಗ ನಾನು ಅವನ ಬೈಕ್ ತಗೊಂಡು, ಹಿಂದಿನ ಬ್ರೇಕ್ ಹಿಡಿದು ಜೋರಾಗಿ ಮುಂದಕ್ಕೆ ತಳ್ಳಿದೆ. ಚಕ್ರ ಮೆಲ್ಲಗೆ ತಿರುಗಿತು! ಲಿವರ್ ಪೂರ್ತಿ ಒತ್ತಿದೆ, ಆದರೂ ತಿರುಗುತ್ತಿದೆ.

ಬಿಚ್ಚಿ ನೋಡಿದೆವು. ಪ್ಯಾಡುಗಳು ಗಾಜಿನ ಹಾಗೆ ನುಣ್ಣಗಾಗಿದ್ದವು. ಒಂದು ಪ್ಯಾಡಿನ ಮೂಲೆ ಮಾತ್ರ ರಿಮ್ಮಿಗೆ ತಾಗುತ್ತಿತ್ತು. ಬ್ರೇಕಿನ ಎಣ್ಣೆ ಲೈನಿನಲ್ಲಿ ಗಾಳಿ ಬೇರೆ ಸೇರಿತ್ತು. ಅದು ಮಗುರಾ ಎಚ್‌ಎಸ್33, ಅಂದರೆ ನಮ್ಮಲ್ಲಿ ಎಷ್ಟೋ ಜನ ಬಳಸುವ, ಎಣ್ಣೆಯ ಒತ್ತಡದಿಂದ ರಿಮ್ಮನ್ನು ಹಿಡಿಯುವ ಹೈಡ್ರಾಲಿಕ್ ರಿಮ್ ಬ್ರೇಕ್. ಒಳ್ಳೆಯ ಬ್ರೇಕೇ, ಆದರೆ ನೋಡಿಕೊಂಡವರು ಯಾರೂ ಇಲ್ಲ. ಪ್ಯಾಡನ್ನು ಮರಳುಕಾಗದಕ್ಕೆ ಉಜ್ಜಿದೆವು, ರಿಮ್ಮಿಗೆ ಸಮನಾಗಿ ಕೂರಿಸಿದೆವು, ಗಾಳಿ ತೆಗೆದೆವು. ಇಲ್ಲಿ ಒಂದು ಮಾತು: ಇದಕ್ಕೆ ಮಿನರಲ್ ಆಯಿಲ್ಲೇ ಹಾಕಬೇಕು. ಕಾರಿನ ಬ್ರೇಕಿಗೆ ಹಾಕುವ ಡಾಟ್ ಆಯಿಲ್ ಹಾಕಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ. ಆಮೇಲೆ ರಿಮ್ಮಿನ ಬದಿಗೆ ಗ್ರೈಂಡರಿನಿಂದ ತೆಳ್ಳಗೆ, ಒತ್ತೊತ್ತಾಗಿ ಗೆರೆ ಹೊಡೆದೆವು. ಆಳವಾಗಿ ಕೊರೆಯಬಾರದು, ಮೇಲ್ಮೈ ಒರಟಾದರೆ ಸಾಕು. ಗ್ರೈಂಡ್ ಮಾಡಿದ ರಿಮ್ಮಿಗೆ ಸ್ವಲ್ಪ ಗಟ್ಟಿ ಪ್ಯಾಡ್ ಬೇಕು, ಮೆದುವಾದದ್ದು ಬೇಗ ಸವೆದುಹೋಗುತ್ತದೆ. ಹಿಡಿದಾಗ ಕಿರ್ರ್ ಅಂತ ಸದ್ದು ಬರುತ್ತದೆ. ಅಕ್ಕಪಕ್ಕದವರಿಗೆ ಕಿರಿಕಿರಿ, ನಮಗೆ ಅದೇ ಸಂಗೀತ.

ಮರುದಿನ ಅವನು ನೆಗೆದ, ಇಳಿದ. ಹಿಂದಿನ ಚಕ್ರ ಇಳಿದ ಜಾಗದಲ್ಲೇ ನಿಂತಿತು. ಆದರೆ ಅವನು ಮತ್ತೆ ಮುಂದಕ್ಕೇ ಮುಗ್ಗರಿಸಿದ! ಬ್ರೇಕ್ ಜಾರುತ್ತದೆ, ಬೈಕ್ ಮುಂದಕ್ಕೆ ಓಡಿ ತಾನು ಹಿಂದಕ್ಕೆ ಬೀಳುತ್ತೇನೆ ಅಂತ ಅವನ ಮೈಗೆ ಗೊತ್ತಿತ್ತು. ಅದಕ್ಕೇ ಅದು ಮೊದಲೇ ಮುಂದಕ್ಕೆ ಬಾಗುವುದನ್ನು ಕಲಿತುಬಿಟ್ಟಿತ್ತು. ಬ್ರೇಕ್ ಸರಿ ಮಾಡಲು ಒಂದು ಸಂಜೆ ಸಾಕಾಯಿತು. ಆ ಅಭ್ಯಾಸ ಬಿಡಿಸಲು ತಿಂಗಳುಗಳೇ ಹಿಡಿದವು. ಕೆಟ್ಟ ಭಾಗ ಸುಮ್ನೆ ಕೆಟ್ಟು ಕೂರುವುದಿಲ್ಲ, ನಿಮ್ಮ ಮೈಗೆ ತಪ್ಪು ಪಾಠ ಹೇಳಿಕೊಡುತ್ತದೆ. ಭಾಗಗಳ ಆಯ್ಕೆ ಬೇರೆ, ಕೌಶಲ ಬೇರೆ ಅಂತ ಎರಡು ಭಾಷಣ ಮಾಡಲು ನನಗೆ ಆಗದಿರುವುದು ಇದಕ್ಕೇ.

ಈಗ ಫ್ರೀವೀಲ್. ನಮ್ಮ ಬೈಕುಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಚಕ್ರದಲ್ಲಿರುವುದಿಲ್ಲ, ಪೆಡಲಿನ ತೋಳಾದ ಕ್ರ್ಯಾಂಕಿನ ಮೇಲಿರುತ್ತದೆ. ಸ್ವಲ್ಪ ಲೆಕ್ಕ ಮಾಡೋಣ. ಅಗ್ಗದ ಫ್ರೀವೀಲ್ ಒಂದು ಸುತ್ತಿಗೆ 18 ಕಡೆ ಕಚ್ಚುತ್ತದೆ ಅಂತಿಟ್ಟುಕೊಳ್ಳಿ. ಅಂದರೆ ಎರಡು ಕಚ್ಚುಗಳ ನಡುವೆ 20 ಡಿಗ್ರಿ. 170 ಮಿಲಿಮೀಟರ್ ಕ್ರ್ಯಾಂಕಿನಲ್ಲಿ ನಿಮ್ಮ ಪಾದ ಸುಮಾರು 6 ಸೆಂಟಿಮೀಟರ್ ಖಾಲಿ ಹೋಗಬಹುದು. 72 ಕಡೆ ಕಚ್ಚುವುದಾದರೆ ಒಂದೂವರೆ ಸೆಂಟಿಮೀಟರ್. 108 ಆದರೆ ಬರೀ ಒಂದು ಸೆಂಟಿಮೀಟರ್. ನಿಂತ ಜಾಗದಿಂದ ಒದ್ದು ಎದುರಿನ ಕಲ್ಲಿಗೆ ಹಾರುವವನಿಗೆ ಆ 6 ಸೆಂಟಿಮೀಟರ್ ಅಂದರೇನು? ಒಮ್ಮೆ ತಕ್ಷಣ ಕಚ್ಚುತ್ತದೆ, ಇನ್ನೊಮ್ಮೆ ತಡವಾಗಿ ಕಚ್ಚುತ್ತದೆ. ಒದೆತದ ಲೆಕ್ಕ ಮೈಗೆ ಸಿಗುವುದೇ ಇಲ್ಲ. ನೋಡಿ, ಮತ್ತೆ ತಪ್ಪು ಪಾಠ!

ಇನ್ನೊಂದು ಎಚ್ಚರಿಕೆ. ಫ್ರೀವೀಲ್ ಮುಂದಿದ್ದರೆ ಪೆಡಲ್ ನಿಂತಿದ್ದರೂ ಚಕ್ರ ಉರುಳುವಷ್ಟು ಹೊತ್ತೂ ಚೈನ್ ಓಡುತ್ತಲೇ ಇರುತ್ತದೆ. ಬೆರಳು, ಪ್ಯಾಂಟಿನ ಅಂಚು, ಲೇಸು ದೂರ ಇರಲಿ.

ಸ್ಕಾಟ್ಲೆಂಡಿನ ಟ್ರಯಲ್ಸ್ ಸವಾರ ಡ್ಯಾನಿ ಮೆಕ್ಯಾಸ್ಕಿಲ್ ಎಡಿನ್‌ಬರೋದ ಬೀದಿಗಳಲ್ಲಿ ಮಾಡಿದ, 2009ರ ಏಪ್ರಿಲ್‌ನಲ್ಲಿ ಹೊರಬಂದ ವಿಡಿಯೋ ನೀವೆಲ್ಲ ನೋಡಿದ್ದೀರಿ. ಮೊನಚು ಕಬ್ಬಿಣದ ಬೇಲಿಯ ಮೇಲೆ ಬೈಕ್ ಓಡಿಸುತ್ತಾರಲ್ಲ, ಅದೇ. ಎಲ್ಲರೂ ಅವರ ಧೈರ್ಯದ ಬಗ್ಗೆ ಮಾತಾಡುತ್ತಾರೆ. ಆಗ ಅವರು ಒಂದು ಅಂಗಡಿಯಲ್ಲಿ ಸೈಕಲ್ ಮೆಕ್ಯಾನಿಕ್ ಆಗಿದ್ದರು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬೈಕಿನ ಪ್ರತಿ ನಟ್ಟೂ ಗೊತ್ತಿದ್ದ ಕೈ ಅದು. ನನ್ನ ಮಟ್ಟಿಗೆ ಆ ಧೈರ್ಯದ ಒಂದು ಪಾಲು ಸ್ಪ್ಯಾನರಿನಿಂದ ಬಂದದ್ದು.

ಸಮಯ ನೋಡಿಕೊಳ್ಳಿ ಅಂತ ಅಲ್ಲಿಂದ ಕೈ ತೋರಿಸುತ್ತಿದ್ದಾರೆ. ಕೌಶಲಕ್ಕೆ ಬರುತ್ತೇನೆ.

ಮೊದಲು ನಿಲ್ಲುವುದನ್ನು ಕಲಿಯಿರಿ. ಪೆಡಲ್ ಎರಡೂ ಒಂದೇ ಮಟ್ಟದಲ್ಲಿ, ಅನುಕೂಲದ ಕಾಲು ಮುಂದೆ, ಮುಂದಿನ ಚಕ್ರ ಸ್ವಲ್ಪ ತಿರುಗಿರಲಿ, ಕಣ್ಣು ನಾಲ್ಕೈದು ಮೀಟರ್ ಮುಂದಿರಲಿ. ಲಿವರ್ ಮೇಲೆ ಒಂದೇ ಬೆರಳು. ಉಳಿದ ಬೆರಳುಗಳಿಗೆ ಹ್ಯಾಂಡಲ್ ಹಿಡಿಯುವ ಕೆಲಸ ಇದೆ. ಒಂದು ಬೆರಳಿಗೆ ಬ್ರೇಕ್ ನಿಲ್ಲದಿದ್ದರೆ ಬೆರಳು ಹೆಚ್ಚಿಸಬೇಡಿ, ಬ್ರೇಕ್ ಸರಿ ಮಾಡಿ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಆದರೂ ಕೇಳಿ.

ಆಮೇಲೆ ಮುಂದಿನ ಚಕ್ರ ಎತ್ತುವುದು, ಹಿಂದಿನ ಚಕ್ರದ ಮೇಲೆ ಕುಪ್ಪಳಿಸುವುದು, ಪೆಡಲ್ ಒದ್ದು ಮುಂದಕ್ಕೆ ನೆಗೆಯುವ ಪೆಡಲ್ ಕಿಕ್. ಎಲ್ಲವೂ ಸಮತಟ್ಟು ನೆಲದ ಮೇಲೆ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಹಿಂದಿನ ಚಕ್ರ ಆ ಗೆರೆಯ ಮೇಲೇ ಇಳಿಯಬೇಕು, ಇಳಿದ ಮೇಲೆ ಅಲ್ಲೇ ನಿಲ್ಲಬೇಕು. ಅದು ಬರುವ ತನಕ ಎತ್ತರಕ್ಕೆ ಹೋಗಬೇಡಿ. ಎತ್ತರ ತಾನಾಗಿ ಬರುತ್ತದೆ, ಗುರಿ ತಾನಾಗಿ ಬರುವುದಿಲ್ಲ.

ಜೊತೆಗೇ ಬೈಕ್ ಬಿಟ್ಟು ಇಳಿಯುವುದನ್ನೂ ಬೇಕಂತಲೇ ಅಭ್ಯಾಸ ಮಾಡಿ. ನಮ್ಮ ಬೈಕಿಗೆ ಸೀಟು ಇಲ್ಲದಿರುವುದು ಇಲ್ಲಿ ಅನುಕೂಲ. ಹಿಂದಕ್ಕೆ ಇಳಿದು ಎರಡೂ ಕಾಲಲ್ಲಿ ನಿಲ್ಲಬಹುದು.

ಉಳಿದದ್ದು ಬೇಗ ಹೇಳುತ್ತೇನೆ. ಚಕ್ರ 20 ಇಂಚೋ 26 ಇಂಚೋ? ಎರಡನ್ನೂ ಓಡಿಸಿ ನೋಡಿ. 20ರಲ್ಲಿ ಬೈಕ್ ತಿರುಗಿಸುವುದು, ಎತ್ತುವುದು ಸುಲಭ. 26 ಉಬ್ಬುತಗ್ಗಿನ ಮೇಲೆ ಚೆನ್ನಾಗಿ ಉರುಳುತ್ತದೆ. ಗೇರು, ಅಂದರೆ ಮುಂದಿನ ಹಲ್ಲು ಮತ್ತು ಹಿಂದಿನ ಹಲ್ಲಿನ ಲೆಕ್ಕ, 20ಕ್ಕೆ 18:12, 26ಕ್ಕೆ 18:15 ಹೆಚ್ಚಿನವರಿಗೆ ಸರಿಹೋಗುತ್ತದೆ. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇರಲಿ, ಆದರೆ ಕಲ್ಲಿನ ಅಂಚಿಗೆ ಇಳಿದಾಗ ರಿಮ್ ತಾಗಬಾರದು. ಹ್ಯಾಂಡಲ್ ಬಗ್ಗೆ ಹೇಳಬೇಕಿತ್ತು, ಈಗ ಆಗುವುದಿಲ್ಲ. ಫ್ರೇಮ್ ಬಗ್ಗೆಯಂತೂ ಸಮಯವೇ ಇಲ್ಲ!

ಚೈನ್ ಬಗ್ಗೆ ಮಾತ್ರ ಬಿಡುವುದಿಲ್ಲ. ಪೂರ್ತಿ ಬಲ ಹಾಕಿ ಒದೆಯುವಾಗ ಚೈನ್ ತುಂಡಾದರೆ ಎದೆ, ಮುಖ ನೇರ ಹ್ಯಾಂಡಲ್ ಮೇಲೆ. ಹೊರಗೆ ಬೈಕ್ ಹತ್ತುವ ಮುಂಚೆ ಪ್ರತಿಯೊಬ್ಬರೂ ಒಂದೊಂದು ಕೊಂಡಿಯನ್ನೂ ಬಗ್ಗಿಸಿ ನೋಡಿ. ಬಿಗಿಯಾದ ಕೊಂಡಿ, ಹೊರಗೆ ಬಂದ ಪಿನ್, ಬಿರುಕು ಕಂಡರೆ ಚೈನ್ ಬದಲಾಯಿಸದೆ ಹತ್ತಬೇಡಿ. ಹೆಲ್ಮೆಟ್, ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ಹಾಕಿಕೊಂಡು ಬನ್ನಿ. ಹೊಸಬರು ಎಡಗಡೆ ಗೆರೆ ಎಳೆದಿರುವ ಜಾಗಕ್ಕೆ, ಕುಪ್ಪಳಿಸಲು ಬರುವವರು ಪ್ಯಾಲೆಟ್ ಇಟ್ಟಿರುವ ಕಡೆಗೆ. ಬ್ರೇಕ್ ಜಾರುತ್ತಿರುವವರು ಮೊದಲು ನನ್ನ ಹತ್ತಿರ ಬನ್ನಿ, ಮರಳುಕಾಗದ ತಂದಿದ್ದೇನೆ.